ಬರೀ ಮಾತ್ರೆಗಾಗಿ ಬೆಂಗಳೂರಿಗೆ ಯಾಕೆ ಬರಬೇಕು? ನಿಮ್ಹಾನ್ಸ್ ಸಾಧನೆ ಮತ್ತು ನಮ್ಮ ಜಿಲ್ಲೆಗಳು

2024ರಲ್ಲಿ ನಿಮ್ಹಾನ್ಸ್‌ಗೆ ವಿಶ್ವ ಆರೋಗ್ಯ ಸಂಸ್ಥೆಯ ನೆಲ್ಸನ್ ಮಂಡೇಲಾ ಪ್ರಶಸ್ತಿ ಬಂತು. 2025ರ ಜನವರಿಯಲ್ಲಿ ಸುವರ್ಣ ಮಹೋತ್ಸವಕ್ಕೆ ರಾಷ್ಟ್ರಪತಿ ದ್ರೌಪದಿ ಮುರ್ಮು ಬೆಂಗಳೂರಿಗೆ ಬಂದರು. ನಮ್ಮ ನಡುವಿನ ಸರ್ಕಾರಿ ಆಸ್ಪತ್ರೆಯೊಂದಕ್ಕೆ ಇಂಥ ಗೌರವ ಸಿಗುವುದು ದಿನಾ ನಡೆಯುವ ವಿಷಯ ಅಲ್ಲ, ಖುಷಿಪಡಲೇಬೇಕು. ಆದರೆ ಆ ಸಂಭ್ರಮದಲ್ಲಿ ಒಂದು ಮುಖ್ಯ ವಿಷಯ ಹಿಂದೆ ಉಳಿಯಿತು ಅಂತ ನನಗೆ ಅನ್ನಿಸುತ್ತದೆ. ನಿಮ್ಹಾನ್ಸ್‌ನವರು ಮಾಡಿರುವ ಅತಿ ದೊಡ್ಡ ಕೆಲಸ ನಡೆದದ್ದು ಹೊಸೂರು ರಸ್ತೆಯ ಕ್ಯಾಂಪಸ್ಸಿನ ಹೊರಗೆ: ಸಕಲವಾರದಲ್ಲಿ, ಬಳ್ಳಾರಿಯಲ್ಲಿ, ತೀರ್ಥಹಳ್ಳಿಯಲ್ಲಿ, ತುರುವೇಕೆರೆಯಲ್ಲಿ. ಮಾನಸಿಕ ಕಾಯಿಲೆ ಇರುವವರು ಬೆಂಗಳೂರಿನ ದಾರಿ ಹಿಡಿಯದೆ ತಮ್ಮ ತಾಲ್ಲೂಕಿನಲ್ಲೇ ಚಿಕಿತ್ಸೆ ಪಡೆಯಬಹುದು ಅಂತ ಅಲ್ಲಿ ತೋರಿಸಿಕೊಟ್ಟರು. ಬಳ್ಳಾರಿಯ ಪ್ರಯೋಗಕ್ಕೇ ನಲವತ್ತು ವರ್ಷ ಆಯಿತು. ಆದರೂ ಇವತ್ತಿಗೂ ರಾಯಚೂರು, ಕೊಪ್ಪಳದ ಕಡೆಯಿಂದ ಜನ ಬರೀ ಮಾತ್ರೆಗಾಗಿ ರಾತ್ರಿ ಬಸ್ಸು ಹತ್ತುತ್ತಾರೆ. ಯಾಕೆ ಹೀಗೆ?

ಮೊದಲು ಸ್ವಲ್ಪ ಹಿನ್ನೆಲೆ. ಬೆಂಗಳೂರಿನಲ್ಲಿ ಮೈಸೂರು ಸರ್ಕಾರದ ಹಳೆಯ ಮಾನಸಿಕ ಆಸ್ಪತ್ರೆ ಇತ್ತು. ಅದರ ಜೊತೆಗೆ 1954ರಲ್ಲಿ ಕೇಂದ್ರ ಸರ್ಕಾರ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯನ್ನು ಶುರು ಮಾಡಿತು. ಮಾನಸಿಕ ಆಸ್ಪತ್ರೆಯ ಮುಖ್ಯಸ್ಥರಾಗಿದ್ದ ಡಾ. ಎಂ. ವಿ. ಗೋವಿಂದಸ್ವಾಮಿ ಅದರ ಮೊದಲ ನಿರ್ದೇಶಕರು. 1974ರ ಡಿಸೆಂಬರ್ 27ರಂದು ಎರಡೂ ಸೇರಿ ನಿಮ್ಹಾನ್ಸ್ ಆಯಿತು, ನರಶಸ್ತ್ರಚಿಕಿತ್ಸಕ ಡಾ. ಆರ್. ಎಂ. ವರ್ಮ ನಿರ್ದೇಶಕರಾದರು. 1994ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯದ ಸ್ಥಾನ ಸಿಕ್ಕಿತು, 2012ರ ಕಾಯ್ದೆಯಿಂದ ರಾಷ್ಟ್ರೀಯ ಪ್ರಾಮುಖ್ಯದ ಸಂಸ್ಥೆ ಅನ್ನಿಸಿಕೊಂಡಿತು.

ಈ ಸೇರ್ಪಡೆಯಿಂದ ಆದ ಲಾಭ ದೊಡ್ಡದು. ಮನಸ್ಸಿನ ಕಾಯಿಲೆ ನೋಡುವವರು, ಮೆದುಳು-ನರದ ಕಾಯಿಲೆ ನೋಡುವವರು, ಪಾಠ ಹೇಳುವವರು, ಸಂಶೋಧನೆ ಮಾಡುವವರು ಎಲ್ಲರೂ ಒಂದೇ ಕಾಂಪೌಂಡಿನೊಳಗೆ ಬಂದರು. ಹೊಸದಾಗಿ ಬಂದ ರೋಗಿಯ ಹತ್ತಿರ ಕಲಿಯುತ್ತಿರುವ ಕಿರಿಯ ವೈದ್ಯರು ಕೂತು ಮನೆಯವರಿಂದ ಪೂರ್ತಿ ವಿವರ ಕೇಳುತ್ತಾರೆ, ಆಮೇಲೆ ಹಿರಿಯರ ಮುಂದೆ ಚರ್ಚೆ ಆಗುತ್ತದೆ. ಮನೋವೈದ್ಯರ ಜೊತೆಗೆ ಮನಶ್ಶಾಸ್ತ್ರಜ್ಞರು, ಸೋಷಿಯಲ್ ವರ್ಕರ್, ನರ್ಸ್ ಕೂಡ ಆ ರೋಗಿಯ ಬಗ್ಗೆ ಯೋಚಿಸುತ್ತಾರೆ. ಮನೆಯಲ್ಲಿ ಯಾರಿದ್ದಾರೆ, ದುಡಿಯೋರು ಯಾರು, ಮಾತ್ರೆ ಕೊಡೋರು ಯಾರು, ಮಾತ್ರೆ ಬೇಡ ಅಂತ ಹಟ ಮಾಡಿದರೆ ಏನು ಮಾಡ್ತೀರಿ, ಇಂಥ ಪ್ರಶ್ನೆಗಳನ್ನು ಸೋಷಿಯಲ್ ವರ್ಕರ್ ಕೇಳುತ್ತಾರೆ. ಇದಕ್ಕೆ ಉತ್ತರ ಸಿಗದಿದ್ದರೆ ಎಷ್ಟು ಒಳ್ಳೆ ಔಷಧಿ ಬರೆದರೂ ಸುಮ್ನೆ. ಅಡ್ಮಿಟ್ ಆದಾಗ ಮನೆಯವರೊಬ್ಬರು ವಾರ್ಡಿನಲ್ಲೇ ಜೊತೆಗಿರುತ್ತಾರೆ. ರೋಗಿಯನ್ನು ಆಸ್ಪತ್ರೆಗೆ ಬಿಟ್ಟು ಮನೆಯವರು ಮರೆತುಬಿಡುತ್ತಿದ್ದ ಹಳೆಯ ಹುಚ್ಚಾಸ್ಪತ್ರೆಗಳ ಕಾಲ ನೆನೆದರೆ ಇದು ಎಷ್ಟು ದೊಡ್ಡ ಬದಲಾವಣೆ ಅಂತ ಗೊತ್ತಾಗುತ್ತದೆ.

ರೋಗಿ ಹೇಳುವುದನ್ನು ಕಿವಿಗೊಟ್ಟು ಕೇಳಿದ್ದರಿಂದಲೇ ಸಂಶೋಧನೆ ಹುಟ್ಟುತ್ತದೆ ಅನ್ನುವುದಕ್ಕೆ ನನಗೆ ಬಹಳ ಇಷ್ಟದ ಉದಾಹರಣೆ ಬಿಸಿನೀರಿನ ಮೂರ್ಛೆ ರೋಗ. ನಮ್ಮ ಕಡೆ ತಲೆಸ್ನಾನ ಹೇಗೆ ಮಾಡಿಸುತ್ತಾರೆ ನೋಡಿ. ಹಂಡೆಯಲ್ಲಿ ಚೆನ್ನಾಗಿ ಕಾದ ನೀರು, ಮಗುವನ್ನು ಕೂರಿಸಿ ಚೊಂಬಿನಲ್ಲಿ ಒಂದರ ಹಿಂದೆ ಒಂದು ತಲೆ ಮೇಲೆ ಹುಯ್ಯುವುದು. ಕೆಲವು ಮಕ್ಕಳು ಆಗ ಕಣ್ಣು ನೆಟ್ಟು ಸ್ತಬ್ಧವಾಗುತ್ತವೆ, ಏನೇನೋ ಬಡಬಡಿಸುತ್ತವೆ, ಕೆಲವು ಸಲ ಕೈಕಾಲು ಸೆಟೆದು ಬಿದ್ದುಬಿಡುತ್ತವೆ. ಮನೆಯವರು ಗಾಬರಿ ಬಿದ್ದು ದೃಷ್ಟಿ ಅಂತಲೋ ಗಾಳಿ ಅಂತಲೋ ತಾಯಿತ ಕಟ್ಟಿಸುತ್ತಾರೆ. ಬೇರೆ ದೇಶದ ಪಠ್ಯಗಳಲ್ಲಿ ಇದು ಬಹಳ ಅಪರೂಪದ ಕಾಯಿಲೆ. ದಕ್ಷಿಣ ಕರ್ನಾಟಕದಲ್ಲಿ ಅಪರೂಪ ಅಲ್ಲವೇ ಅಲ್ಲ. 1960ರ ದಶಕದಲ್ಲೇ ಬೆಂಗಳೂರಿನ ನರರೋಗ ತಜ್ಞ ಡಾ. ಕೆ. ಎಸ್. ಮಣಿ ಮತ್ತು ಜೊತೆಯವರು ಇದನ್ನು ವರದಿ ಮಾಡಿದರು. ಮುಂದೆ ನಿಮ್ಹಾನ್ಸ್ ನಿರ್ದೇಶಕರೂ ಆದ ಡಾ. ಪಿ. ಸತೀಶ್ಚಂದ್ರ ನೂರಾರು ರೋಗಿಗಳನ್ನು ನೋಡಿ ಇದನ್ನು ವಿವರವಾಗಿ ಅಧ್ಯಯನ ಮಾಡಿದರು.

ಇದರ ಚಿಕಿತ್ಸೆ ಕೇಳಿದರೆ ಇಷ್ಟೇನಾ ಅನ್ನಿಸುತ್ತದೆ. ನೀರಿನ ಬಿಸಿ ಕಡಿಮೆ ಮಾಡಿ, ತಲೆ ಮೇಲೆ ಧಾರಾಕಾರ ಹುಯ್ಯಬೇಡಿ. ಅಷ್ಟರಿಂದ ಆಗದಿದ್ದರೆ ತಲೆಸ್ನಾನದ ದಿನ ಮಾತ್ರ, ಸ್ನಾನಕ್ಕೆ ಒಂದೆರಡು ಗಂಟೆ ಮೊದಲು, ವೈದ್ಯರು ಹೇಳಿದ ಪ್ರಮಾಣದಲ್ಲಿ ಕ್ಲೊಬಜಾಮ್ ಮಾತ್ರೆ. ಬಹಳಷ್ಟು ಜನಕ್ಕೆ ಇಷ್ಟು ಸಾಕಾಗುತ್ತದೆ. ಕೆಲವರಿಗೆ ಮುಂದೆ ನೀರು ಬೀಳದಿದ್ದಾಗಲೂ ಮೂರ್ಛೆ ಬರುತ್ತದೆ, ಅಂಥವರಿಗೆ ದಿನನಿತ್ಯದ ಔಷಧಿ ಬೇಕು. ಈ ತಿಳಿವಳಿಕೆ ಇರುವ ವೈದ್ಯರೊಬ್ಬರು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿದ್ದರೆ ಎಷ್ಟೋ ಮಕ್ಕಳು ಬೆಂಗಳೂರು ನೋಡಬೇಕಾಗಿಲ್ಲ. ಸಂಶೋಧನೆಯ ನಿಜವಾದ ಪರೀಕ್ಷೆ ಅಲ್ಲಿದೆ. ಕಂಡುಹಿಡಿದದ್ದು ಯಳಂದೂರಿನ, ಕನಕಪುರದ ಹಳ್ಳಿ ಡಾಕ್ಟರ ಮೇಜಿನವರೆಗೂ ಹೋಯಿತಾ ಇಲ್ಲವಾ?

ಇನ್ನೊಂದು ಕೆಲಸದ ಬಗ್ಗೆ ಜನ ಮಾತಾಡಿದ್ದೇ ಕಡಿಮೆ. 1990ರ ದಶಕದಲ್ಲಿ ಡಾ. ಎಂ. ಗೌರಿದೇವಿ, ಡಾ. ಜಿ. ಗುರುರಾಜ್ ಮುಂತಾದವರ ತಂಡ ಬೆಂಗಳೂರು ನಗರ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಒಂದು ಲಕ್ಷಕ್ಕೂ ಜಾಸ್ತಿ ಜನರ ಸಮೀಕ್ಷೆ ಮಾಡಿತು. ನರಗಳ ಕಾಯಿಲೆ ಎಷ್ಟು ಜನಕ್ಕಿದೆ ಅಂತ ನೋಡುವುದು ಉದ್ದೇಶ. ಮೂರ್ಛೆ ರೋಗ ನಗರದಲ್ಲಿ ಸಾವಿರಕ್ಕೆ 5.7 ಜನರಲ್ಲಿ ಕಂಡಿತು, ಹಳ್ಳಿಯಲ್ಲಿ ಸಾವಿರಕ್ಕೆ 11.9. ಅಂದರೆ ಹಳ್ಳಿಯಲ್ಲಿ ಎರಡು ಪಟ್ಟು. ನರರೋಗ ತಜ್ಞರು ಎಲ್ಲಿದ್ದಾರೆ? ನಗರದಲ್ಲಿ, ಅದರಲ್ಲೂ ದೊಡ್ಡ ನಗರದಲ್ಲಿ. ರೋಗ ಒಂದು ಕಡೆ, ತಜ್ಞರು ಇನ್ನೊಂದು ಕಡೆ.

ಕ್ಯಾಂಪಸ್ಸಿನೊಳಗೂ ಹೇಳಬೇಕಾದದ್ದು ಬೇಕಾದಷ್ಟಿದೆ. 1995ರಲ್ಲಿ ಶುರುವಾದ ಬ್ರೇನ್ ಬ್ಯಾಂಕ್ ಇದೆ, ದುಃಖದ ಹೊತ್ತಿನಲ್ಲೂ ತಮ್ಮವರ ಮೆದುಳನ್ನು ದಾನ ಕೊಟ್ಟ ಕುಟುಂಬಗಳ ದೊಡ್ಡ ಮನಸ್ಸಿನಿಂದ ಅದು ನಡೆಯುತ್ತಿದೆ. ರೇಬೀಸ್ ಪರೀಕ್ಷೆ ಮತ್ತು ಸಂಶೋಧನೆಯಲ್ಲಿ ಅಲ್ಲಿನ ನ್ಯೂರೋವೈರಾಲಜಿ ಲ್ಯಾಬ್‌ಗೆ ವಿಶ್ವ ಆರೋಗ್ಯ ಸಂಸ್ಥೆಯ ಮಾನ್ಯತೆ ಇದೆ. ಬಾಣಂತನದಲ್ಲಿ ತೀವ್ರ ಮಾನಸಿಕ ಕಾಯಿಲೆಗೆ ತುತ್ತಾದ ತಾಯಂದಿರನ್ನು ಮಗುವಿನಿಂದ ಬೇರೆ ಮಾಡದೆ, ಇಬ್ಬರನ್ನೂ ಒಟ್ಟಿಗೇ ಇಟ್ಟುಕೊಂಡು ನೋಡುವ ವಾರ್ಡನ್ನು ಡಾ. ಪ್ರಭಾ ಚಂದ್ರ ಅವರ ತಂಡ 2009ರಲ್ಲಿ ಶುರು ಮಾಡಿತು. ಹಾಲುಣಿಸುವ ಮಗುವನ್ನು ಬಿಟ್ಟು ಆಸ್ಪತ್ರೆಯಲ್ಲಿ ಮಲಗುವ ತಾಯಿಯ ಸಂಕಟ ನೋಡಿದವರಿಗೆ ಇದರ ಬೆಲೆ ಗೊತ್ತು.

ಇನ್ನು ಡಾ. ಸಿ. ಆರ್. ಚಂದ್ರಶೇಖರ್. ಕನ್ನಡ ಓದುವವರಲ್ಲಿ ಅವರ ಹೆಸರು ಕೇಳದವರು ಕಡಿಮೆ. ನಿಮ್ಹಾನ್ಸ್‌ನಲ್ಲಿ ಪ್ರೊಫೆಸರ್ ಆಗಿದ್ದವರು ಪತ್ರಿಕೆಗಳಲ್ಲಿ, ಸಣ್ಣ ಸಣ್ಣ ಪುಸ್ತಕಗಳಲ್ಲಿ, ಯಾರಿಗೂ ಅರ್ಥವಾಗುವ ಕನ್ನಡದಲ್ಲಿ ಖಿನ್ನತೆ, ಭಯ, ಕುಡಿತದ ಚಟ, ಮಕ್ಕಳ ಓದಿನ ತೊಂದರೆಗಳ ಬಗ್ಗೆ ದಶಕಗಟ್ಟಲೆ ಬರೆದರು. 2024ರಲ್ಲಿ ಪದ್ಮಶ್ರೀ ಬಂತು. ಅವರ ಬರಹ ಓದಿ "ಓ, ಇದು ಕಾಯಿಲೆ, ಇದಕ್ಕೆ ಔಷಧಿ ಇದೆ" ಅಂತ ಧೈರ್ಯ ತಂದುಕೊಂಡ ಮನೆಗಳು ಎಷ್ಟೋ. ವಿದೇಶಿ ಜರ್ನಲ್‌ಗಳಲ್ಲಿ ಬರುವ ಪೇಪರ್‌ಗಳಷ್ಟೇ ತೂಕ ಈ ಕೆಲಸಕ್ಕೂ ಕೊಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಈಗ ಸಕಲವಾರಕ್ಕೆ ಬರೋಣ. ಆನೇಕಲ್ ತಾಲ್ಲೂಕಿನ ಈ ಹಳ್ಳಿಯಲ್ಲಿ 1970ರ ದಶಕದ ನಡುವಿನಲ್ಲಿ ನಿಮ್ಹಾನ್ಸ್ ಸಮುದಾಯ ಮಾನಸಿಕ ಆರೋಗ್ಯ ಘಟಕ ತೆರೆಯಿತು. ಅಲ್ಲಿ ಕೇಳಿಕೊಂಡ ಪ್ರಶ್ನೆ ಸರಳ. ಮನೋವೈದ್ಯರು ದೇಶದಲ್ಲೇ ಬೆರಳೆಣಿಕೆಯಷ್ಟು ಇದ್ದಾರೆ, ಹಾಗಿರುವಾಗ ಪ್ರಾಥಮಿಕ ಆರೋಗ್ಯ ಕೇಂದ್ರದ ಎಂಬಿಬಿಎಸ್ ಡಾಕ್ಟರ್‌ಗೆ, ಹಳ್ಳಿ ಸುತ್ತುವ ಆರೋಗ್ಯ ಸಿಬ್ಬಂದಿಗೆ ಸ್ವಲ್ಪ ತರಬೇತಿ ಕೊಟ್ಟರೆ ಅವರೇ ಗುರುತಿಸಿ ಚಿಕಿತ್ಸೆ ಕೊಡಬಲ್ಲರಾ? ಕೊಡಬಲ್ಲರು ಅನ್ನುವ ಉತ್ತರ ಬಂತು. ಅದಕ್ಕಾಗಿ ಕೈಪಿಡಿಗಳನ್ನು ಬರೆದರು, ತಂಡ ತಂಡವಾಗಿ ತರಬೇತಿ ಕೊಟ್ಟರು.

ಆದರೆ ಒಂದು ಹಳ್ಳಿಯ ಸುತ್ತಮುತ್ತ ಆಗುವುದು ಇಡೀ ಜಿಲ್ಲೆಯಲ್ಲಿ ಆಗುತ್ತದಾ? ಅದನ್ನು ನೋಡಲು 1985ರಲ್ಲಿ ಬಳ್ಳಾರಿಗೆ ಹೋದರು. ಈಗಿನ ವಿಜಯನಗರ ಜಿಲ್ಲೆಯೂ ಆಗ ಅದರೊಳಗೇ ಇತ್ತು, ಸುಮಾರು 20 ಲಕ್ಷ ಜನ. ಡಾ. ಆರ್. ಶ್ರೀನಿವಾಸಮೂರ್ತಿ, ಡಾ. ಮೋಹನ್ ಐಸಾಕ್, ಚಂದ್ರಶೇಖರ್ ಮುಂತಾದವರು ಇದರ ಹಿಂದಿದ್ದರು. ಜಿಲ್ಲಾ ಕೇಂದ್ರದಲ್ಲಿ ಮನೋವೈದ್ಯರು, ಪ್ರಾಥಮಿಕ ಕೇಂದ್ರಗಳಲ್ಲಿ ತರಬೇತಿ ಪಡೆದ ಡಾಕ್ಟರ್‌ಗಳು, ಕೆಲವೇ ಕೆಲವು ಅಗತ್ಯ ಔಷಧಿಗಳು ತಪ್ಪದೆ ಸಿಗುವ ವ್ಯವಸ್ಥೆ, ಯಾರು ಬಂದರು ಯಾರು ಬರಲಿಲ್ಲ ಅಂತ ನೋಡಿಕೊಳ್ಳಲು ಒಂದು ಸರಳ ದಾಖಲೆ. ಇಷ್ಟೇ. ಇದೇ ಬಳ್ಳಾರಿ ಮಾದರಿ. 1996ರಲ್ಲಿ ಕೇಂದ್ರ ಸರ್ಕಾರ ಇದನ್ನೇ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಅಂತ ದೇಶಕ್ಕೆ ತೆಗೆದುಕೊಂಡಿತು. ಇವತ್ತು 700ಕ್ಕೂ ಜಾಸ್ತಿ ಜಿಲ್ಲೆಗಳಿಗೆ ಅದು ಮಂಜೂರಾಗಿದೆ. ಬಳ್ಳಾರಿಯಲ್ಲಿ ಹುಟ್ಟಿದ ಒಂದು ಯೋಚನೆ ಇಡೀ ದೇಶದ ಕಾರ್ಯಕ್ರಮ ಆಯಿತು, ಇದು ನಮ್ಮ ಶಾಲೆಯ ಪಾಠಪುಸ್ತಕದಲ್ಲಿ ಇರಬೇಕಾದ ವಿಷಯ ಅಲ್ವಾ?

ತೀರ್ಥಹಳ್ಳಿಯದು ಇನ್ನೂ ಹತ್ತಿರದಿಂದ ನೋಡಬೇಕಾದ ಕೆಲಸ. 2000ದ ದಶಕದಲ್ಲಿ ಡಾ. ಜಗದೀಶ ತೀರ್ಥಹಳ್ಳಿ ಮತ್ತು ಅವರ ತಂಡ ಆ ತಾಲ್ಲೂಕಿನಲ್ಲಿ ಸ್ಕಿಜೋಫ್ರೇನಿಯಾ ಅನ್ನುವ ತೀವ್ರ ಮಾನಸಿಕ ಕಾಯಿಲೆ ಇರುವವರನ್ನು ಹುಡುಕಿ ಹುಡುಕಿ ಪತ್ತೆ ಮಾಡಿತು. ವರ್ಷಗಟ್ಟಲೆ ಚಿಕಿತ್ಸೆಯನ್ನೇ ಕಾಣದವರೂ ಅದರಲ್ಲಿದ್ದರು. ಅಂಥವರಿಗೆ ಊರಿನ ಹತ್ತಿರವೇ ಔಷಧಿ ಸಿಗುವ ಹಾಗೆ ಮಾಡಿ, ವರ್ಷಗಳ ಕಾಲ ಕೈಬಿಡದೆ ನೋಡಿಕೊಂಡು ಬಂದರು. ಅಳೆದದ್ದು ಬರೀ ಕಾಯಿಲೆಯ ಲಕ್ಷಣವನ್ನಲ್ಲ. ಸ್ನಾನ, ಊಟ, ಬಟ್ಟೆ ತಾನೇ ನೋಡಿಕೊಳ್ಳುತ್ತಾರಾ? ಮನೆಯವರ ಜೊತೆ, ನೆಂಟರ ಜೊತೆ ಬೆರೆಯುತ್ತಾರಾ? ಹೇಳಿದ್ದು ಅರ್ಥ ಮಾಡಿಕೊಂಡು ಮಾತಾಡುತ್ತಾರಾ? ತೋಟಕ್ಕೋ ಗದ್ದೆಗೋ ಕೆಲಸಕ್ಕೆ ಹೋಗುತ್ತಾರಾ? ಔಷಧಿ ಶುರು ಮಾಡಿದವರಲ್ಲಿ ಈ ವಿಷಯಗಳಲ್ಲಿ ಸುಧಾರಣೆ ಕಂಡಿತು, ಔಷಧಿ ಇಲ್ಲದೆ ಉಳಿದವರು ಅವರಿಗಿಂತ ಹಿಂದೆಯೇ ಉಳಿದರು. ದುಬಾರಿ ಔಷಧಿಯೇನಲ್ಲ, ದೊಡ್ಡ ಯಂತ್ರವೂ ಇಲ್ಲ. ಮಾತ್ರೆ, ನೆನಪಿಟ್ಟು ವಿಚಾರಿಸುವ ಒಬ್ಬ ಸಿಬ್ಬಂದಿ, ಮನೆಯವರಿಗೆ ಧೈರ್ಯ. ತುರುವೇಕೆರೆಯಲ್ಲೂ ಇದೇ ದಾರಿ ಹಿಡಿದರು.

ಹಾಗಾದರೆ ಇಷ್ಟೆಲ್ಲ ಗೊತ್ತಿದ್ದೂ ರಾತ್ರಿ ಬಸ್ಸು ಯಾಕೆ ತಪ್ಪಲಿಲ್ಲ?

2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯನ್ನು 12 ರಾಜ್ಯಗಳಲ್ಲಿ ನಡೆಸಿದ್ದೂ ನಿಮ್ಹಾನ್ಸ್ ನೇತೃತ್ವದಲ್ಲೇ. ವಯಸ್ಕರಲ್ಲಿ ನೂರಕ್ಕೆ 10.6 ಜನಕ್ಕೆ ಆ ಹೊತ್ತಿನಲ್ಲಿ ಯಾವುದಾದರೂ ಮಾನಸಿಕ ಸಮಸ್ಯೆ ಇತ್ತು. ಬೇರೆ ಬೇರೆ ಕಾಯಿಲೆಗಳಲ್ಲಿ ಚಿಕಿತ್ಸೆ ಸಿಗದವರ ಪಾಲು ಶೇಕಡ 70ರಿಂದ 92. ಆ ವರದಿಯಲ್ಲಿ ನನ್ನ ಮನಸ್ಸಿನಲ್ಲಿ ಉಳಿದದ್ದು ಇನ್ನೊಂದು ಅಂಕಿ. ಇಂಥ ರೋಗಿ ಇರುವ ಕುಟುಂಬ ಚಿಕಿತ್ಸೆಗೆ ಮತ್ತು ಓಡಾಟಕ್ಕೆ ಅಂತ ತಿಂಗಳಿಗೆ 1000ದಿಂದ 1500 ರೂಪಾಯಿ ಖರ್ಚು ಮಾಡುತ್ತಿತ್ತು, ಅದು ಹತ್ತು ವರ್ಷದ ಹಿಂದಿನ ಬೆಲೆಯಲ್ಲಿ. ಕೂಲಿ ಮಾಡುವ ಮನೆಗೆ ಇದು ಎಷ್ಟು ಹೊರೆ ಯೋಚಿಸಿ. ಮಾತ್ರೆ ಪುಕ್ಕಟೆ ಸಿಕ್ಕಿದರೂ ರೋಗಿ ಒಬ್ಬರೇ ಬರೋ ಹಾಗಿಲ್ಲ, ಜೊತೆಗೆ ಒಬ್ಬರು ಬೇಕು. ಇಬ್ಬರ ಬಸ್ ಚಾರ್ಜು, ಇಬ್ಬರ ಊಟ, ಎರಡು ದಿನದ ಕೂಲಿ ಹೋಯಿತು. ಒಂದು ಸಲ ತಪ್ಪಿಸಿದರೆ ಮಾತ್ರೆ ನಿಲ್ಲುತ್ತದೆ. ಮೂರ್ಛೆಯ ಮಾತ್ರೆ ಹಠಾತ್ತಾಗಿ ನಿಂತರೆ ಒಂದರ ಮೇಲೊಂದು ಫಿಟ್ಸ್ ಬಂದು ಜೀವಕ್ಕೇ ಅಪಾಯ ಆಗಬಹುದು. ಸ್ಕಿಜೋಫ್ರೇನಿಯಾದ ಮಾತ್ರೆ ನಿಂತರೆ ಬಹಳ ಜನಕ್ಕೆ ಕೆಲವು ವಾರಗಳಲ್ಲೋ ತಿಂಗಳಲ್ಲೋ ಕಾಯಿಲೆ ಮರುಕಳಿಸುತ್ತದೆ, ಮತ್ತೆ ಅಡ್ಮಿಟ್, ಮತ್ತೆ ಸಾಲ. ಆಗ ಅದೇ ರೋಗಿ ನಿಮ್ಹಾನ್ಸ್‌ನ ತುರ್ತು ವಿಭಾಗಕ್ಕೆ ಬರುತ್ತಾರೆ. ಊರಿನಲ್ಲಿ ಒಂದು ಪಟ್ಟಿ ಮಾತ್ರೆ ಸಿಗದಿದ್ದದ್ದಕ್ಕೆ ಬೆಂಗಳೂರಿನಲ್ಲಿ ಒಂದು ಹಾಸಿಗೆ ಬೇಕಾಗುತ್ತದೆ.

ತೊಡಕು ಎಲ್ಲಿದೆ ಅಂದರೆ, ಬಳ್ಳಾರಿ ಮಾದರಿಯಲ್ಲಿ ಎಲ್ಲ ಭಾಗಗಳೂ ಒಟ್ಟಿಗೆ ಕೆಲಸ ಮಾಡಬೇಕು. ಡಾಕ್ಟರ್‌ಗೆ ತರಬೇತಿ ಇದ್ದು ಔಷಧಿ ಇಲ್ಲದಿದ್ದರೆ ಪ್ರಯೋಜನ ಇಲ್ಲ. ಔಷಧಿ ಇದ್ದು, ತರಬೇತಿ ಪಡೆದ ಡಾಕ್ಟರ್ ವರ್ಗಾವಣೆ ಆಗಿ ಹೋಗಿ ಹೊಸಬರಿಗೆ ಧೈರ್ಯ ಸಾಲದಿದ್ದರೆ "ಬೆಂಗಳೂರಿಗೆ ಹೋಗಿ" ಅಂತ ಚೀಟಿ ಬರೆದುಕೊಡುತ್ತಾರೆ. ಜಿಲ್ಲಾ ತಂಡದಲ್ಲಿ ಬಹಳ ಜನ ಗುತ್ತಿಗೆ ನೌಕರರು, ಒಳ್ಳೆ ಕೆಲಸ ಸಿಕ್ಕಿದ ಕೂಡಲೇ ಬಿಟ್ಟು ಹೋಗುತ್ತಾರೆ, ಅವರನ್ನು ದೂರುವ ಹಾಗೂ ಇಲ್ಲ. ದೇಶದಲ್ಲಿ ಲಕ್ಷ ಜನಕ್ಕೆ 0.75 ಮನೋವೈದ್ಯರಿದ್ದಾರೆ, ಬೇಕಾಗಿರುವುದು ಕನಿಷ್ಠ ಮೂರು. ಇರುವವರಲ್ಲೂ ಹೆಚ್ಚಿನವರು ನಗರದಲ್ಲಿದ್ದಾರೆ. ಬಳ್ಳಾರಿಯಲ್ಲಿ ಆಗ ಬೆನ್ನಿಗೆ ನಿಂತು ಪ್ರತಿ ತಿಂಗಳು ಏನಾಯಿತು ಅಂತ ವಿಚಾರಿಸುವವರಿದ್ದರು. 700 ಜಿಲ್ಲೆಗೆ ಹಂಚುವಾಗ ಹಣ ಹೋಯಿತು, ಸುತ್ತೋಲೆ ಹೋಯಿತು, ಆ ಬೆನ್ನಿಗೆ ನಿಲ್ಲುವ ಕೆಲಸ ಹೋಗಲಿಲ್ಲ.

ಕರ್ನಾಟಕ ಏನೂ ಮಾಡಿಲ್ಲ ಅಂತಲ್ಲ. 2014ರಲ್ಲಿ ಶುರುವಾದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೇ ಮನೋವೈದ್ಯರು ಬರುವ ವ್ಯವಸ್ಥೆ ಇದೆ. ಬಹಳ ಜನಕ್ಕೆ ಇದು ಗೊತ್ತೇ ಇಲ್ಲ, ನಿಮ್ಮ ತಾಲ್ಲೂಕಿನಲ್ಲಿ ಯಾವ ವಾರ ಬರುತ್ತಾರೆ ಅಂತ ಒಮ್ಮೆ ವಿಚಾರಿಸಿ. 2022ರ ಜನವರಿಯಲ್ಲಿ ರಾಜ್ಯ ಸರ್ಕಾರ ನಿಮ್ಹಾನ್ಸ್ ಜೊತೆ ಸೇರಿ ಮೆದುಳು ಆರೋಗ್ಯ ಯೋಜನೆಯನ್ನು ಕೋಲಾರ, ಚಿಕ್ಕಬಳ್ಳಾಪುರ ಮತ್ತು ಬೆಂಗಳೂರು ನಗರದ ದಕ್ಷಿಣ ಭಾಗದಲ್ಲಿ ಶುರು ಮಾಡಿತು. ಮೂರ್ಛೆ, ಪಾರ್ಶ್ವವಾಯು, ತಲೆನೋವು, ಮರೆವಿನ ಕಾಯಿಲೆಗಳನ್ನು ಸ್ಥಳೀಯ ಡಾಕ್ಟರ್‌ಗಳೇ ನೋಡುವ ಹಾಗೆ ಅವರನ್ನು ತಯಾರು ಮಾಡುವುದು, ಜಿಲ್ಲಾ ಮಟ್ಟದಲ್ಲಿ ಕ್ಲಿನಿಕ್ ನಡೆಸುವುದು. ಸಕಲವಾರದ ಪ್ರಶ್ನೆಯೇ ಇದು, ಈಗ ನರರೋಗಕ್ಕೆ.

ಅದೇ ವರ್ಷ ಅಕ್ಟೋಬರ್ 10ರಂದು ಟೆಲಿ ಮಾನಸ್ ಅನ್ನುವ ಮಾನಸಿಕ ಆರೋಗ್ಯ ಸಹಾಯವಾಣಿ ಬಂತು. 14416ಕ್ಕೆ ಫೋನ್ ಮಾಡಿದರೆ ಯಾವ ಹೊತ್ತಿನಲ್ಲಾದರೂ, ದುಡ್ಡಿಲ್ಲದೆ, ಕನ್ನಡದಲ್ಲೇ ಮಾತಾಡಬಹುದು. ದೇಶಕ್ಕೆಲ್ಲ ಇದನ್ನು ಸಮನ್ವಯ ಮಾಡುವುದು ನಿಮ್ಹಾನ್ಸ್, ತಂತ್ರಜ್ಞಾನಕ್ಕೆ ಕೈಜೋಡಿಸಿದ್ದು ಬೆಂಗಳೂರಿನದೇ ಐಐಐಟಿ. 20 ಲಕ್ಷಕ್ಕೂ ಜಾಸ್ತಿ ಕರೆಗಳು ಬಂದಿವೆ. ಯಾರ ಮುಂದೆಯೂ ಬಾಯಿ ಬಿಡದವರು, ಡಾಕ್ಟರ ಹತ್ತಿರ ಹೋದರೆ ಊರವರು ಏನಂದುಕೊಳ್ಳುತ್ತಾರೋ ಅಂತ ಹೆದರುವವರು ಫೋನಿನಲ್ಲಿ ಮಾತಾಡುತ್ತಾರೆ, ಇದನ್ನು ನಾನು ಪೂರ್ತಿ ಮನಸ್ಸಿನಿಂದ ಮೆಚ್ಚುತ್ತೇನೆ. ಆದರೆ ಕಾಯಿಲೆ ತೀವ್ರ ಇದ್ದವರಿಗೆ ಕೊನೆಗೆ ಬೇಕಾಗುವುದು ಹತ್ತಿರದ ಸರ್ಕಾರಿ ಆಸ್ಪತ್ರೆ ಮತ್ತು ಅಲ್ಲಿನ ಔಷಧಿ ಕೌಂಟರ್. ಫೋನಿನಲ್ಲಿ "ನಿಮ್ಮ ತಾಲ್ಲೂಕು ಆಸ್ಪತ್ರೆಗೆ ಹೋಗಿ" ಅಂದಾಗ ಅಲ್ಲಿ ಸ್ಟಾಕ್ ಇಲ್ಲ ಅಂದುಬಿಟ್ಟರೆ ಆ ಮನುಷ್ಯ ಇನ್ನೊಮ್ಮೆ ಫೋನ್ ಮಾಡುವುದಿಲ್ಲ.

ಕಾನೂನು ಈ ವಿಷಯದಲ್ಲಿ ರೋಗಿಯ ಕಡೆಗಿದೆ, ಅದನ್ನು ಜನ ತಿಳಿದುಕೊಳ್ಳಬೇಕು. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ 2018ರ ಮೇ ತಿಂಗಳಿಂದ ಜಾರಿಯಲ್ಲಿದೆ. ಅದರ 18ನೇ ಸೆಕ್ಷನ್ ಪ್ರಕಾರ, ಅಗತ್ಯ ಔಷಧಿ ಪಟ್ಟಿಯಲ್ಲಿರುವ ಮಾನಸಿಕ ಕಾಯಿಲೆಯ ಔಷಧಿಗಳು ಸಮುದಾಯ ಆರೋಗ್ಯ ಕೇಂದ್ರದಿಂದ ಮೇಲಿನ ಎಲ್ಲ ಸರ್ಕಾರಿ ಆಸ್ಪತ್ರೆಗಳಲ್ಲಿ ಯಾವಾಗಲೂ ಉಚಿತವಾಗಿ ಸಿಗಬೇಕು. ಒಂದು ಜಿಲ್ಲೆಯಲ್ಲಿ ಸರ್ಕಾರಿ ಸೇವೆ ಇಲ್ಲದಿದ್ದರೆ, ಆ ಜಿಲ್ಲೆಯ ಬೇರೆ ಕಡೆ ಚಿಕಿತ್ಸೆ ಪಡೆದ ಖರ್ಚನ್ನು ಸರ್ಕಾರ ಭರಿಸಬೇಕು. ಇದು ಹಕ್ಕು. "ಇಲ್ಲ" ಅಂದಾಗ "ಯಾವಾಗ ಬರುತ್ತದೆ, ಬರೆದು ಕೊಡಿ" ಅಂತ ಕೇಳುವ ಧೈರ್ಯ ಮನೆಯವರಿಗೆ ಬರಬೇಕು, ಆಶಾ ಕಾರ್ಯಕರ್ತೆಯರು, ಪಂಚಾಯಿತಿ ಸದಸ್ಯರು ಅವರ ಜೊತೆ ನಿಲ್ಲಬೇಕು.

ಮೈಸೂರಿನಲ್ಲಿ ನಿಮ್ಹಾನ್ಸ್ ಮಾದರಿಯ ಸಂಸ್ಥೆ ಕಟ್ಟುವುದಾಗಿ ರಾಜ್ಯ ಸರ್ಕಾರ ಹೇಳಿದೆ. ಧಾರವಾಡದಲ್ಲಿ ಇಂಥದೇ ಸಂಸ್ಥೆ ಡಿಮ್ಹಾನ್ಸ್ ಈಗಾಗಲೇ ಇದೆ. ಹೊಸ ಸಂಸ್ಥೆ ಬರಲಿ, ಬೇಡ ಅನ್ನಲು ನನಗೆ ಕಾರಣ ಇಲ್ಲ. ಮೆದುಳಿನ ಗೆಡ್ಡೆಗೆ, ಔಷಧಿಗೆ ಬಗ್ಗದ ಮೂರ್ಛೆಗೆ, ಯಾರಿಗೂ ಗೊತ್ತಾಗದ ಕಾಯಿಲೆಗೆ ದೊಡ್ಡ ಆಸ್ಪತ್ರೆ ಬೇಕೇ ಬೇಕು. ಆದರೆ ಹೊಸ ಕಟ್ಟಡದ ಓಪಿಡಿಯೂ ಹಳೆ ಮಾತ್ರೆ ಮುಂದುವರಿಸಲು ಬಂದವರಿಂದಲೇ ತುಂಬಿದರೆ, ನಿಜವಾಗಿ ತಜ್ಞರೇ ಬೇಕಾದವರು ಅಲ್ಲೂ ಕಾಯಬೇಕಾಗುತ್ತದೆ. ಅಲ್ಲಿನ ತಜ್ಞರ ಸಮಯವೂ ಅದರಲ್ಲೇ ಕಳೆಯುತ್ತದೆ, ಇನ್ನೊಂದು ಬಿಸಿನೀರಿನ ಮೂರ್ಛೆಯನ್ನು ಗಮನಿಸಲು ಪುರುಸೊತ್ತು ಎಲ್ಲಿಂದ ಬರಬೇಕು?

ಹಾಗಾಗಿ ನನ್ನದೊಂದು ಸ್ಪಷ್ಟ ಬೇಡಿಕೆ. ಪ್ರತಿ ವರ್ಷ ಎಷ್ಟು ಹೊರರೋಗಿಗಳು, ಎಷ್ಟು ಶಸ್ತ್ರಚಿಕಿತ್ಸೆ, ಎಷ್ಟು ಪೇಪರ್ ಅಂತ ಲೆಕ್ಕ ಕೊಡುತ್ತಾರೆ, ಅದು ಬೇಕು. ಅದರ ಪಕ್ಕದಲ್ಲೇ ಇನ್ನೊಂದು ಪಟ್ಟಿ ಪ್ರಕಟವಾಗಲಿ, ಜಿಲ್ಲಾವಾರು: ಈ ವರ್ಷ ಕಲಬುರಗಿಯಿಂದ, ಬೀದರ್‌ನಿಂದ, ಬಳ್ಳಾರಿಯಿಂದ, ಚಾಮರಾಜನಗರದಿಂದ ಎಷ್ಟು ಜನ ಬರೀ ಮಾತ್ರೆ ಮುಂದುವರಿಸಲು ಬಂದರು, ಅವರಲ್ಲಿ ಎಷ್ಟು ಜನರ ಫೈಲನ್ನು ಅವರ ತಾಲ್ಲೂಕು ಆಸ್ಪತ್ರೆಗೆ ಒಪ್ಪಿಸಿದೆವು, ಆರು ತಿಂಗಳಾದ ಮೇಲೆ ಅವರಲ್ಲಿ ಎಷ್ಟು ಜನಕ್ಕೆ ಅಲ್ಲೇ ಮಾತ್ರೆ ಸಿಗುತ್ತಿದೆ. ನಿಮ್ಹಾನ್ಸ್ ಮತ್ತು ರಾಜ್ಯದ ಆರೋಗ್ಯ ಇಲಾಖೆ ಇಬ್ಬರೂ ಸೇರಿ ಇದಕ್ಕೆ ಸಹಿ ಹಾಕಲಿ. ಯಾವ ಜಿಲ್ಲೆಯ ಅಂಕಿ ಎರಡು ವರ್ಷ ಇಳಿಯುವುದಿಲ್ಲವೋ, ಆ ಜಿಲ್ಲೆಯ ಔಷಧಿ ಪೂರೈಕೆ ಮತ್ತು ಖಾಲಿ ಹುದ್ದೆಗಳ ಬಗ್ಗೆ ವಿಧಾನಸಭೆಯಲ್ಲಿ ಆ ಭಾಗದ ಶಾಸಕರು ಎದ್ದು ನಿಂತು ಕೇಳಲಿ.